ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ಹಾಡು ನಿಂತುಹೋಗುತ್ತದೆ, ನೆಟ್ ಮಾತ್ರ ಚೆನ್ನಾಗೇ ಇದೆ

ಗುನುಗು
ಎಲ್ಲರಿಗೂ ನಮಸ್ಕಾರ. ನನ್ನದು ಆಂಡ್ರಾಯ್ಡ್ 13 ಇರುವ ಫೋನ್. ಇದನ್ನು ತಗೊಂಡಾಗಿನಿಂದ ಒಂದೇ ಕಾಟ. ಮ್ಯೂಸಿಕ್ ಆ್ಯಪ್‌ನಲ್ಲಿ ಹಾಡು ಹಾಕಿ ಫೋನ್ ಪಕ್ಕಕ್ಕಿಟ್ಟರೆ ಒಂದೆರಡು ಹಾಡು ಸರಿಯಾಗಿ ಬರುತ್ತವೆ, ಆಮೇಲೆ ನಿಂತುಬಿಡುತ್ತದೆ. ಸ್ಕ್ರೀನ್ ಆನ್ ಇಟ್ಟುಕೊಂಡೇ ಕೇಳಿದರೆ ಏನೂ ತೊಂದರೆ ಇಲ್ಲ. ಹಳೆ ಫೋನಿನಲ್ಲಿ ಇದೇ ಆ್ಯಪ್, ಇದೇ ಅಕೌಂಟ್, ಇದೇ ವೈಫೈ ಇತ್ತು. ಆಗ ಯಾವತ್ತೂ ಹೀಗಾಗಿರಲಿಲ್ಲ. ಸ್ಪೀಡ್ ಟೆಸ್ಟ್ ಮಾಡಿದೆ, ಬೇಕಾದಷ್ಟು ಸ್ಪೀಡ್ ಇದೆ. ಫೋನ್ ರೀಸ್ಟಾರ್ಟ್ ಮಾಡಿದ್ದೂ ಆಯಿತು, ಆ್ಯಪ್ ಅಪ್‌ಡೇಟ್ ಮಾಡಿದ್ದೂ ಆಯಿತು. ಕೈ ತುಂಬಾ ಕೆಲಸ ಇರುವಾಗಲೇ ಹಾಡು ಬೇಕು, ಆಗಲೇ ಇದು ನಿಲ್ಲುತ್ತದೆ. ಯಾರಿಗಾದರೂ ಹೀಗಾಗಿದೆಯಾ?

ಸುಮ್ನೆಬಂದೆ
ಆ್ಯಪ್ ತೆಗೆದು ಮತ್ತೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್. ಮುಗೀತು.

ಹಳೇರೇಡಿಯೋ
ಸ್ವಲ್ಪ ತಡೆಯಿರಿ ಸುಮ್ನೆಬಂದೆ ಅವರೇ. ಆ್ಯಪ್ ತೆಗೆದರೆ ಡೌನ್‌ಲೋಡ್ ಮಾಡಿಟ್ಟ ಹಾಡೆಲ್ಲ ಹೋಗುತ್ತವೆ. ಫ್ಯಾಕ್ಟರಿ ರೀಸೆಟ್ ಅಂದರೆ ಫೋನಿನಲ್ಲಿರುವುದೆಲ್ಲ ಹೋಗುತ್ತದೆ. ಒಂದು ಹಾಡಿಗೋಸ್ಕರ ಇಷ್ಟು ದೊಡ್ಡ ಕೆಲಸ ಬೇಕಾ?

ಗುನುಗು ಅವರೇ, ಮುಂದಿನ ಸಲ ಹಾಡು ನಿಂತ ಕೂಡಲೇ ಪ್ಲೇ ಬಟನ್ ಒತ್ತಬೇಡಿ. ಮೊದಲು ಲಾಕ್ ಸ್ಕ್ರೀನ್ ನೋಡಿ, ಆಮೇಲೆ ಆ್ಯಪ್ ತೆರೆದು ಸುಮ್ನೆ ನೋಡಿ. ಬೇರೆ ಏನೂ ಮುಟ್ಟಬೇಡಿ. ಹಾಡು ಎಲ್ಲಿದೆ ಅಂತ ತೋರಿಸುವ ಗೆರೆ ಇರುತ್ತದಲ್ಲ, ಅದೇ ಅರ್ಧ ಉತ್ತರ ಹೇಳುತ್ತದೆ.

ಗೆರೆ ನಿಂತಿದ್ದು ಚಕ್ರ ತಿರುಗುತ್ತಿದ್ದರೆ, ಹಾಡು ನೆಟ್‌ನಿಂದ ಬಂದು ಸೇರುತ್ತಿಲ್ಲ. ಗೆರೆ ನಿಂತು ಪ್ಲೇ ಗುರುತು ಕಾಣುತ್ತಿದ್ದರೆ, ಯಾರೋ ಅಥವಾ ಏನೋ ಪಾಸ್, ಅಂದರೆ ಹಾಡನ್ನು ತಡೆದು ನಿಲ್ಲಿಸುವ ಬಟನ್, ಒತ್ತಿದೆ. ಗೆರೆ ಓಡುತ್ತಲೇ ಇದ್ದು ಶಬ್ದ ಮಾತ್ರ ಇಲ್ಲದಿದ್ದರೆ, ಶಬ್ದ ಬೇರೆಲ್ಲೋ ಹೋಗುತ್ತಿದೆ. ಲಾಕ್ ಸ್ಕ್ರೀನಿನಿಂದ ಪ್ಲೇಯರೇ ಮಾಯವಾಗಿ, ಆ್ಯಪ್ ತೆರೆದಾಗ ಲೋಗೋ ತೋರಿಸಿ ಮೊದಲಿನಿಂದ ಶುರುವಾದರೆ, ನಿಮ್ಮ ಫೋನೇ ಆ್ಯಪನ್ನು ಮುಚ್ಚಿಹಾಕಿದೆ.

ಇನ್ನೂ ಒಂದು ಗಮನಿಸಿ. ಸಾಲಿನ ನಡುವೆ ಕತ್ತರಿಸಿದ ಹಾಗೆ ನಿಲ್ಲುತ್ತದಾ, ಅಥವಾ ಒಂದು ಹಾಡು ಪೂರ್ತಿ ಮುಗಿದು ಮುಂದಿನದು ಶುರುವಾಗುವುದಿಲ್ಲವಾ? ಇವೆರಡೂ ಬೇರೆ ಬೇರೆ ಕಾಯಿಲೆ.

ಸುಮ್ನೆಬಂದೆ
ಎಲ್ಲಿ ನಿಂತರೇನು ಸರ್, ನಿಂತಿದ್ದು ನಿಂತಿದ್ದೇ ಅಲ್ವಾ?

ಅರ್ಧಚಂದ್ರ
ಅಲ್ಲ. ನಾನು ಆ್ಯಪ್ ಬರೆಯುವ ಕೆಲಸದಲ್ಲಿದ್ದೇನೆ, ಅದಕ್ಕೇ ಮಧ್ಯೆ ಬಾಯಿ ಹಾಕುತ್ತಿದ್ದೇನೆ.

ಸ್ಟ್ರೀಮಿಂಗ್ ಅಂದರೆ ನೆಟ್‌ನಿಂದ ಬಂದದ್ದು ಬಂದ ಹಾಗೇ ಕಿವಿಗೆ ಬೀಳುವುದಿಲ್ಲ. ನಡುವೆ ಬಫರ್ ಅಂತ ಒಂದು ಇರುತ್ತದೆ. ಅದು ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಮೇಲಿನಿಂದ ತುಂಬುತ್ತಾ ಇರುತ್ತದೆ, ಕೆಳಗಿನ ನಲ್ಲಿಯಿಂದ ನೀವು ಬಳಸುತ್ತಾ ಇರುತ್ತೀರಿ. ನೆಟ್ ಹೋದರೂ ಟ್ಯಾಂಕಿನಲ್ಲಿ ಇರುವಷ್ಟು ಹೊತ್ತು ಹಾಡು ನಡೆಯುತ್ತದೆ. ಎಷ್ಟೋ ಆ್ಯಪ್‌ಗಳು ಈಗಿನ ಹಾಡನ್ನು ಬೇಗ ಪೂರ್ತಿ ತರಿಸಿಟ್ಟುಕೊಂಡುಬಿಡುತ್ತವೆ. ಹಾಗಾಗಿ ಹಾಡು ಪೂರ್ತಿ ಮುಗಿದು ಮುಂದಿನದು ಬರದಿದ್ದರೆ ಹಿನ್ನೆಲೆಯಲ್ಲಿ ನೆಟ್ ಸಿಗುತ್ತಿಲ್ಲ ಅಂತ ಅನುಮಾನ ಪಡಬಹುದು. ಸಾಲಿನ ನಡುವೆ ಕತ್ತರಿಸಿದರೆ ಸಾಮಾನ್ಯವಾಗಿ ಪಾಸ್ ಆಗಿರುತ್ತದೆ, ಇಲ್ಲವೇ ಆ್ಯಪ್ ಸತ್ತಿರುತ್ತದೆ.

ಸ್ಪೀಡ್ ಟೆಸ್ಟ್ ಬಗ್ಗೆಯೂ ಒಂದು ಮಾತು. ಹಾಡಿಗೆ ಸ್ಪೀಡ್ ಬೇಕಾಗುವುದು ಬಹಳ ಕಡಿಮೆ. 320 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 320 ಕಿಲೋಬಿಟ್ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 40 ಕಿಲೋಬೈಟ್ ಬಂದರೆ ಸಾಕು (8 ಬಿಟ್ ಸೇರಿದರೆ 1 ಬೈಟ್). ನಿಮಿಷಕ್ಕೆ 2.4 ಎಂಬಿ, ಗಂಟೆಗೆ ಸುಮಾರು 144 ಎಂಬಿ. 96 ಕೆಬಿಪಿಎಸ್ ಇಟ್ಟರೆ ಗಂಟೆಗೆ ಸುಮಾರು 43 ಎಂಬಿ. 1 ಎಂಬಿಪಿಎಸ್ (ಸೆಕೆಂಡಿಗೆ 1,000 ಕಿಲೋಬಿಟ್) ಬರುವ ಬಡ ನೆಟ್‌ವರ್ಕಿಗೂ ಇದು ಭಾರವಲ್ಲ. ನೆಟ್‌ನಿಂದ ಹಾಡು ನಿಲ್ಲುವುದಿದ್ದರೆ ಅದಕ್ಕೆ ಕಾರಣ ಹೆಚ್ಚಾಗಿ ನಡುನಡುವೆ ನೆಟ್ ಪೂರ್ತಿ ಮಾಯವಾಗುವುದು. ಅದನ್ನು ಸ್ಪೀಡ್ ಟೆಸ್ಟ್ ತೋರಿಸುವುದೇ ಇಲ್ಲ. ಸ್ಕ್ರೀನ್ ಆನ್ ಇಟ್ಟುಕೊಂಡು ಟೆಸ್ಟ್ ಮಾಡಿ, ಸ್ಕ್ರೀನ್ ಆಫ್ ಆದಾಗಿನ ತೊಂದರೆ ಹುಡುಕಿದರೆ ಸಿಗುತ್ತದಾ?

ಮಳೆಹನಿ
ಗುನುಗು ಅಕ್ಕ, ಇಷ್ಟು ಹೊತ್ತಾದ ಮೇಲೆ ಹಾಡು ನಿಲ್ಲಿಸು ಅನ್ನುವ ಸ್ಲೀಪ್ ಟೈಮರ್ ಆನ್ ಆಗಿಲ್ಲ ತಾನೇ? ನಗಬೇಡಿ. ಎಷ್ಟೋ ಜನ ಮಲಗುವಾಗ ಹಾಕಿ ಮರೆತಿರುತ್ತಾರೆ.

ಹಳೇರೇಡಿಯೋ
ಒಳ್ಳೆ ಪ್ರಶ್ನೆ. ಇನ್ನೊಂದನ್ನೂ ಕೇಳಬೇಕು. ಅದೇ ಅಕೌಂಟಿನಲ್ಲಿ ಮನೆಯಲ್ಲಿ ಬೇರೆ ಯಾರಾದರೂ ಹಾಡು ಕೇಳುತ್ತಾರಾ? ಒಬ್ಬರಿಗೆ ಅಂತ ಇರುವ ಪ್ಲಾನ್‌ನಲ್ಲಿ ಇನ್ನೊಂದು ಫೋನಿನಲ್ಲಿ ಹಾಡು ಶುರುವಾದ ಕೂಡಲೇ ನಿಮ್ಮಲ್ಲಿ ಪಾಸ್ ಆಗುತ್ತದೆ. ಅವರು ನಿಲ್ಲಿಸಿ ನೀವು ಹಾಕಿ, ನೀವು ನಿಲ್ಲಿಸಿ ಅವರು ಹಾಕಿ, ಇಬ್ಬರೂ ಆ್ಯಪನ್ನು ಬೈಯುತ್ತಾ ಇರುತ್ತಾರೆ.

ಗುನುಗು
ಟೈಮರ್ ಇಲ್ಲ. ಅಕೌಂಟ್ ನನ್ನೊಬ್ಬಳದೇ. ಹಳೇರೇಡಿಯೋ ಸರ್, ನೀವು ಹೇಳಿದ ಹಾಗೆ ನೋಡಿದೆ. ಹಾಡಿನ ನಡುವೆ, ಸಾಲು ಮುಗಿಯುವ ಮೊದಲೇ ನಿಂತಿತು. ಲಾಕ್ ಸ್ಕ್ರೀನಿನಲ್ಲಿ ಪ್ಲೇಯರ್ ಇರಲಿಲ್ಲ. ಆ್ಯಪ್ ತೆರೆದರೆ ಲೋಗೋ ಬಂದು ಮೊದಲಿನಿಂದ ಶುರುವಾಯಿತು.

ಹಳೇರೇಡಿಯೋ
ಹಾಗಾದರೆ ನೆಟ್, ವೈಫೈ, ರೂಟರ್ ಎಲ್ಲದರ ಚಿಂತೆ ಬಿಡಿ. ಫೋನೇ ಆ್ಯಪನ್ನು ಮುಚ್ಚುತ್ತಿದೆ. ಗಟ್ಟಿ ಮಾಡಿಕೊಳ್ಳಬೇಕು ಅಂದರೆ ಒಂದು ಪರೀಕ್ಷೆ ಇದೆ. ಕೆಲವು ಹಾಡು ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಸ್ಕ್ರೀನ್ ಆಫ್ ಮಾಡಿ ಕೇಳಿ. ಆಗಲೂ ನಿಂತರೆ ನೆಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಅರ್ಧಚಂದ್ರ
ಹೌದು, ಇದು ಬ್ಯಾಟರಿ ಉಳಿಸುವ ವ್ಯವಸ್ಥೆಯ ಕೆಲಸ. ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಗೊತ್ತಿದ್ದರೆ ಸೆಟ್ಟಿಂಗ್ ಹುಡುಕುವುದು ಸುಲಭ.

2015ರಲ್ಲಿ ಬಂದ ಆಂಡ್ರಾಯ್ಡ್ 6.0ರಲ್ಲಿ 'ಡೋಜ್' ಅಂತ ಒಂದು ಏರ್ಪಾಡು ಸೇರಿತು. ಚಾರ್ಜಿಗೆ ಹಾಕದೆ, ಅಲ್ಲಾಡಿಸದೆ, ಸ್ಕ್ರೀನ್ ಆಫ್ ಮಾಡಿ ಫೋನ್ ಇಟ್ಟರೆ ಹಿನ್ನೆಲೆಯಲ್ಲಿರುವ ಆ್ಯಪ್‌ಗಳ ಕೆಲಸವನ್ನೂ ನೆಟ್ಟನ್ನೂ ಅದು ತಡೆಹಿಡಿಯುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಇನ್ನೊಂದು ಹೆಜ್ಜೆ. ನೀವು ಯಾವ ಆ್ಯಪನ್ನು ಎಷ್ಟು ಬಳಸುತ್ತೀರಿ ಅಂತ ನೋಡಿ, ಕಡಿಮೆ ಬಳಸುವುದಕ್ಕೆ ಕಡಿಮೆ ಅವಕಾಶ ಕೊಡುವುದು ಶುರುವಾಯಿತು.

ಆದರೆ ಹಾಡು ನುಡಿಸುವ ಆ್ಯಪ್‌ಗೆ ಇದರಿಂದ ವಿನಾಯಿತಿ ಇರಬೇಕು. ಹಾಡು ನಡೆಯುವಾಗ ಅದು 'ಫೋರ್‌ಗ್ರೌಂಡ್ ಸರ್ವೀಸ್' ಆಗಿ ಓಡುತ್ತದೆ. ಅಂದರೆ ನಾನು ಕೆಲಸದಲ್ಲಿದ್ದೇನೆ, ನನ್ನನ್ನು ಮುಚ್ಚಬೇಡ ಅಂತ ಸಿಸ್ಟಮ್‌ಗೆ ಹೇಳಿಕೊಂಡಿರುತ್ತದೆ. ನೋಟಿಫಿಕೇಶನ್‌ನಲ್ಲಿ ಪ್ಲೇಯರ್ ಕಾಣುವುದು ಅದಕ್ಕೇ.

ತಕರಾರು ಬರುವುದು ಮುಂದೆ. ಕೆಲವು ಫೋನ್ ತಯಾರಕರು ಇದರ ಮೇಲೆ ತಮ್ಮದೇ ಬ್ಯಾಟರಿ ಮ್ಯಾನೇಜರ್ ಕೂರಿಸಿರುತ್ತಾರೆ. ಅದು ಈ ವಿನಾಯಿತಿಯನ್ನು ಲೆಕ್ಕಕ್ಕೇ ತಗೊಳ್ಳದೆ ಆ್ಯಪ್ ಮುಚ್ಚುವುದುಂಟು. ಬ್ಯಾಟರಿ ಜಾಸ್ತಿ ಬರುತ್ತದೆ ಅಂತ ಜಾಹೀರಾತಿಗೆ ಚೆಂದ, ಹಾಡು ಕೇಳುವವರಿಗೆ ಕಷ್ಟ. ಹಳೆ ಫೋನಿನಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದಕ್ಕೆ ನನಗೆ ಕಾಣುವ ಕಾರಣ ಇದೇ.

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ನಿಮ್ಮ ಮ್ಯೂಸಿಕ್ ಆ್ಯಪ್, ಅದರಲ್ಲಿ ಬ್ಯಾಟರಿ. 'ಅನ್‌ರಿಸ್ಟ್ರಿಕ್ಟೆಡ್', 'ಆಪ್ಟಿಮೈಸ್ಡ್', 'ರಿಸ್ಟ್ರಿಕ್ಟೆಡ್' ಅಂತ ಮೂರು ಇರುತ್ತವೆ. ಮೊದಲನೆಯದನ್ನು ಆರಿಸಿ. ಕೆಲವು ಫೋನ್‌ಗಳಲ್ಲಿ ಇದು ಬೇರೆ ಹೆಸರಲ್ಲಿ, ಬೇರೆ ಜಾಗದಲ್ಲಿ ಇರುತ್ತದೆ. ಸೆಟ್ಟಿಂಗ್ಸ್ ಮೇಲಿನ ಹುಡುಕುವ ಜಾಗದಲ್ಲಿ 'ಬ್ಯಾಟರಿ' ಅಂತ ಹಾಕಿದರೆ ಸಿಗುತ್ತದೆ. 'ಆಟೋ ಸ್ಟಾರ್ಟ್' ಅಂತ ಇದ್ದರೆ ಅದನ್ನೂ ಆನ್ ಮಾಡಿ.

ನಾದಲೋಲ
ಎಲ್ಲಾ ಆ್ಯಪ್‌ಗೂ ಅನ್‌ರಿಸ್ಟ್ರಿಕ್ಟೆಡ್ ಮಾಡಿಬಿಟ್ಟರೆ ಆಯಿತಲ್ಲ?

ಅರ್ಧಚಂದ್ರ
ಬೇಡ. ಆಗ ನಿಜವಾಗಿಯೂ ಬ್ಯಾಟರಿ ಖಾಲಿಯಾಗುತ್ತದೆ. ಮ್ಯೂಸಿಕ್ ಆ್ಯಪ್, ಅಲಾರಂ, ಬೇಕಿದ್ದರೆ ನಿಮ್ಮ ಮೆಸೇಜ್ ಆ್ಯಪ್. ಅಷ್ಟು ಸಾಕು.

ಗುನುಗು
ಅನ್‌ರಿಸ್ಟ್ರಿಕ್ಟೆಡ್ ಮಾಡಿದೆ. ಮೊದಲಿಗಿಂತ ವಾಸಿ, ಜಾಸ್ತಿ ಹೊತ್ತು ಬರುತ್ತಿದೆ. ಆದರೂ ಒಮ್ಮೊಮ್ಮೆ ಅದೇ ರೀತಿ ಮಾಯವಾಗುತ್ತದೆ. ಅದರಲ್ಲೂ ಫೋನ್ ಲಾಕ್ ಮಾಡಿ ಸ್ವಲ್ಪ ಹೊತ್ತಿಗೆ.

ಹಳೇರೇಡಿಯೋ
ಫೋನಿನ ಜೊತೆಗೇ ಬಂದ ಕ್ಲೀನರ್, ಬೂಸ್ಟರ್, ಸೆಕ್ಯೂರಿಟಿ ಅಂತ ಏನಾದರೂ ಆ್ಯಪ್ ಇದೆಯಾ? ಅದನ್ನು ತೆರೆದು ಅದರ ಸೆಟ್ಟಿಂಗ್ ನೋಡಿ. 'ಲಾಕ್ ಆದ ಮೇಲೆ ಮೆಮೊರಿ ಖಾಲಿ ಮಾಡು' ಅನ್ನುವ ಅರ್ಥದ ಒಂದು ಆಯ್ಕೆ ಎಷ್ಟೋ ಫೋನ್‌ಗಳಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಆಫ್ ಮಾಡಿ.

ಇನ್ನೊಂದು ಕೆಲಸ. ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಪಟ್ಟಿ ತೆರೆದು ಮ್ಯೂಸಿಕ್ ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿಯಿರಿ. ಬೀಗದ ಗುರುತು ಬಂದರೆ ಒತ್ತಿ. ಎಲ್ಲಾ ಫೋನಿನಲ್ಲೂ ಇದು ಇರುವುದಿಲ್ಲ, ಇದ್ದರೆ ಉಪಯೋಗ ಇದೆ.

ಕ್ಲೀನರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅವು ಬೇಕಾಗಿಲ್ಲ. ಮೆಮೊರಿ ನೋಡಿಕೊಳ್ಳುವುದು ಆಂಡ್ರಾಯ್ಡ್‌ನದೇ ಕೆಲಸ, ಅದು ಮಾಡಿಕೊಳ್ಳುತ್ತದೆ. ಕ್ಲೀನರ್ ಮುಚ್ಚಿದ ಆ್ಯಪನ್ನು ನೀವು ಮತ್ತೆ ತೆರೆದಾಗ ಮೊದಲಿನಿಂದ ಶುರುವಾಗಬೇಕು, ಅದಕ್ಕೇ ಬ್ಯಾಟರಿ ಜಾಸ್ತಿ ಹೋಗುತ್ತದೆ.

ಗುನುಗು
ಸಿಕ್ಕಿತು! ಫೋನಿನ ಜೊತೆ ಬಂದಿದ್ದ ಒಂದು ಆ್ಯಪ್, ನಾನು ಒಂದು ದಿನವೂ ತೆರೆದಿರಲಿಲ್ಲ. ಅದರೊಳಗೆ ಲಾಕ್ ಆದ ಹತ್ತು ನಿಮಿಷಕ್ಕೆ ಹಿನ್ನೆಲೆ ಆ್ಯಪ್‌ಗಳನ್ನು ಮುಚ್ಚು ಅಂತ ಆನ್ ಆಗಿತ್ತು. ಆಫ್ ಮಾಡಿದ ಮೇಲೆ ಸಂಜೆಯೆಲ್ಲಾ ಹಾಡು ನಿಂತಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕಿವಿಗೊಡಿ
ಗುನುಗು ಅವರದು ಬಗೆಹರಿಯಿತು, ಇದೇ ಚರ್ಚೆಯಲ್ಲಿ ನನ್ನದೂ ಕೇಳಿಬಿಡುತ್ತೇನೆ. ನನಗೆ ಆ್ಯಪ್ ಮುಚ್ಚುವುದಿಲ್ಲ. ಚಕ್ರ ತಿರುಗುತ್ತದೆ. ಅದೂ ಹೊರಗೆ ನಡೆಯಲು ಹೊರಟಾಗ ಮಾತ್ರ. ಗೇಟ್ ದಾಟಿ ಸ್ವಲ್ಪ ದೂರ ಹೋದರೆ ಹಾಡು ನಿಂತು, ಇನ್ನೂ ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಶುರುವಾಗುತ್ತದೆ.

ಅರ್ಧಚಂದ್ರ
ಇದು ವೈಫೈನಿಂದ ಮೊಬೈಲ್ ಡೇಟಾಕ್ಕೆ ದಾಟುವ ಜಾಗ. ಮನೆಯ ವೈಫೈ ಸಿಗ್ನಲ್ ಹೆಸರಿಗೆ ಮಾತ್ರ ಉಳಿದಿರುತ್ತದೆ, ಫೋನ್ ಅದನ್ನೇ ಹಿಡಿದುಕೊಂಡು ಬಿಡುವುದಿಲ್ಲ. ಕೊನೆಗೆ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋದಾಗ ಹಳೆ ಸಂಪರ್ಕ ಕಡಿದು ಆ್ಯಪ್ ಹೊಸದಾಗಿ ಸರ್ವರ್ ಜೊತೆ ಮಾತು ಶುರು ಮಾಡಬೇಕು. ಆ ಹೊತ್ತಿಗೆ ಬಫರ್ ಖಾಲಿಯಾದರೆ ಚಕ್ರ.

ಹೊರಡುವ ಮುಂಚೆ ವೈಫೈ ಆಫ್ ಮಾಡಿ ನೋಡಿ. ತೊಂದರೆ ಹೋದರೆ ಕಾರಣ ಇದೇ ಅಂತ ಖಾತ್ರಿ. ಆಮೇಲೆ ವೈಫೈ ಸೆಟ್ಟಿಂಗ್‌ನಲ್ಲಿ, ಸಿಗ್ನಲ್ ಕೆಟ್ಟಾಗ ತಾನಾಗಿ ಮೊಬೈಲ್ ಡೇಟಾಕ್ಕೆ ಹೋಗುವ ಆಯ್ಕೆ ಇದ್ದರೆ ಆನ್ ಮಾಡಿ. ಐಫೋನಿನಲ್ಲಿ ಇದರ ಹೆಸರು 'ವೈಫೈ ಅಸಿಸ್ಟ್', 2015ರ ಐಒಎಸ್ 9ರಿಂದ ಇದೆ. ಮೊಬೈಲ್ ಡೇಟಾ ಪುಟದಲ್ಲಿ ಕೆಳಗೆ ಹೋದರೆ ಸಿಗುತ್ತದೆ.

ಹಳೇರೇಡಿಯೋ
ದಿನಾ ನಡೆಯುವ ದಾರಿಯಾದರೆ ಡೌನ್‌ಲೋಡ್ ಮಾಡಿಕೊಂಡು ಹೋಗುವುದೇ ಒಳ್ಳೆಯದು. ಡೇಟಾವೂ ಉಳಿಯುತ್ತದೆ. ಆ ಸೌಲಭ್ಯ ಬಹಳ ಆ್ಯಪ್‌ಗಳಲ್ಲಿ ಹಣ ಕೊಟ್ಟವರಿಗೆ ಮಾತ್ರ ಅನ್ನುವುದು ಬೇರೆ ವಿಷಯ.

ಮಳೆಹನಿ
ಡೌನ್‌ಲೋಡ್ ಅಂದಿರಲ್ಲ, ನನಗೆ ಅದರಲ್ಲೇ ಕಾಟ. ಡೌನ್‌ಲೋಡ್ ಮಾಡಿದ ಹಾಡುಗಳು ಇದ್ದಕ್ಕಿದ್ದ ಹಾಗೆ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಹಾಡುವುದಿಲ್ಲ.

ಅರ್ಧಚಂದ್ರ
ಮೂರು ಜಾಗ ನೋಡಿ. ಒಂದು, ಆ್ಯಪ್ ಆಗಾಗ ನೆಟ್‌ಗೆ ಬಂದು ನಿಮ್ಮ ಪ್ಲಾನ್ ಇನ್ನೂ ನಡೆಯುತ್ತಿದೆಯಾ ಅಂತ ಕೇಳಿಕೊಳ್ಳಬೇಕು. ಸ್ಪಾಟಿಫೈನಲ್ಲಿ ಕನಿಷ್ಠ 30 ದಿನಕ್ಕೊಮ್ಮೆ ಆನ್‌ಲೈನ್ ಬರಬೇಕು ಅಂತ ನಿಯಮ ಇದೆ. ಬೇರೆ ಆ್ಯಪ್‌ಗಳಲ್ಲೂ ಇಂಥದೇ ಲೆಕ್ಕ ಇರುತ್ತದೆ. ಎರಡು, ಫೋನಿನ ದಿನಾಂಕ ಮತ್ತು ಸಮಯ. ಅದು ತಪ್ಪಿದ್ದರೆ ಹಾಡಿನ ಲೈಸೆನ್ಸ್ ಮುಗಿದಿದೆ ಅಂದುಕೊಳ್ಳುತ್ತದೆ. ಅಷ್ಟೇ ಅಲ್ಲ, ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕವೇ ಕೂಡಿಬರುವುದಿಲ್ಲ. ಸಮಯವನ್ನು 'ಆಟೋಮ್ಯಾಟಿಕ್' ಇಡಿ. ಮೂರು, ಹಾಡುಗಳು ಮೆಮೊರಿ ಕಾರ್ಡಿನಲ್ಲಿದ್ದರೆ ಆ ಕಾರ್ಡೇ ಕೈಕೊಡುತ್ತಿರಬಹುದು. ಫೋನಿನೊಳಗಿನ ಜಾಗಕ್ಕೆ ಬದಲಾಯಿಸಿ ನೋಡಿ.

ಫೋನಿನಲ್ಲಿ ಜಾಗ ಪೂರ್ತಿ ತುಂಬಿದ್ದರೂ ಹೀಗೇ ವಿಚಿತ್ರ ಆಡುತ್ತದೆ. ಒಂದೆರಡು ಜಿಬಿ ಆದರೂ ಖಾಲಿ ಇರಲಿ.

ಮಳೆಹನಿ
ಕಾರ್ಡಿನಲ್ಲೇ ಇವೆ. ಬದಲಾಯಿಸಿ ನೋಡುತ್ತೇನೆ. ಆ್ಯಪ್‌ನ ಡೇಟಾ ಕ್ಲಿಯರ್ ಮಾಡಿದರೆ ಒಳ್ಳೆಯದಾ?

ಹಳೇರೇಡಿಯೋ
'ಕ್ಲಿಯರ್ ಕ್ಯಾಶ್' ಮೊದಲು ಮಾಡಿ, ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅದೇ ಆ್ಯಪ್‌ನ ಸ್ಟೋರೇಜ್ ಪುಟದಲ್ಲಿದೆ. ಅದು ತಾತ್ಕಾಲಿಕ ಕಸ ತೆಗೆಯುತ್ತದೆ. 'ಕ್ಲಿಯರ್ ಡೇಟಾ' ಒತ್ತಿದರೆ ಲಾಗಿನ್ ಹೋಗುತ್ತದೆ, ಡೌನ್‌ಲೋಡ್‌ಗಳೂ ಹೋಗುತ್ತವೆ. ಪಾಸ್‌ವರ್ಡ್ ನೆನಪಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ಪ್ಲೇಲಿಸ್ಟ್‌ಗಳು ಅಕೌಂಟಿನಲ್ಲಿ ಇರುವುದರಿಂದ ಅವು ಹೋಗುವುದಿಲ್ಲ, ಗಾಬರಿ ಬೇಡ.

ಸುಮ್ನೆಬಂದೆ
ನಂದೊಂದು ಇದೆ. ನಾನು ಹಣ ಕೊಡದೆ ಕೇಳುವವನು. ಎರಡು ಮೂರು ಹಾಡು ಆದ ಮೇಲೆ ಸರಿಯಾಗಿ ಜಾಹೀರಾತು ಬರುವ ಹೊತ್ತಿಗೆ ನಿಂತುಬಿಡುತ್ತದೆ. ಗೆರೆ ಸೊನ್ನೆಯಲ್ಲೇ ಇರುತ್ತದೆ. ಆ್ಯಪ್ ಮುಚ್ಚಿ ತೆರೆದರೆ ಮತ್ತೆ ಎರಡು ಮೂರು ಹಾಡು.

ಅರ್ಧಚಂದ್ರ
ಜಾಹೀರಾತು ತಡೆಯುವ ಆ್ಯಪ್ ಅಥವಾ ಡಿಎನ್‌ಎಸ್ (ಸರ್ವರ್ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಏನಾದರೂ ಹಾಕಿದ್ದೀರಾ? ಆಂಡ್ರಾಯ್ಡ್ 9ರಿಂದ 'ಪ್ರೈವೇಟ್ ಡಿಎನ್‌ಎಸ್' ಅಂತ ಸೆಟ್ಟಿಂಗ್ ಇದೆ. ಅದರಲ್ಲಿ ಜಾಹೀರಾತು ತಡೆಯುವ ವಿಳಾಸ ಹಾಕಿದ್ದರೆ ಇಡೀ ಫೋನಿಗೆ ಅನ್ವಯ ಆಗುತ್ತದೆ. ಮ್ಯೂಸಿಕ್ ಆ್ಯಪ್ ಜಾಹೀರಾತು ತರಲು ಹೋಗುತ್ತದೆ, ಅದರ ಸರ್ವರ್ ಸಿಗುವುದಿಲ್ಲ, ಮುಂದಿನ ಹಾಡಿಗೆ ಹೋಗದೆ ಅಲ್ಲೇ ಕಾಯುತ್ತಾ ಕೂರುತ್ತದೆ.

ಸುಮ್ನೆಬಂದೆ
ಹಾಕಿದ್ದೇನೆ. ಸಿಕ್ಕಿಬಿದ್ದೆ ಅಲ್ವಾ :)

ಹಳೇರೇಡಿಯೋ
ಫ್ಯಾಕ್ಟರಿ ರೀಸೆಟ್ ಮಾಡಿದ್ದರೂ ಹೋಗುತ್ತಿತ್ತು ಬಿಡಿ, ಡಿಎನ್‌ಎಸ್ ಸೆಟ್ಟಿಂಗೂ ಜೊತೆಗೇ ಹೋಗುತ್ತಿತ್ತು! ವಿಪಿಎನ್, ಅಂದರೆ ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ಆ್ಯಪ್, ಇರುವವರೂ ಇದನ್ನು ನೆನಪಿಡಿ. ಒಮ್ಮೆ ಆಫ್ ಮಾಡಿ ನೋಡಿದ ಮೇಲೆಯೇ ಬೇರೆ ಕಡೆ ಹುಡುಕಿ. ಡೇಟಾ ಸೇವರ್ ಕೂಡ. ಅದು ಹಿನ್ನೆಲೆಯಲ್ಲಿರುವ ಆ್ಯಪ್‌ಗಳ ಮೊಬೈಲ್ ಡೇಟಾ ತಡೆಯಲು ಇರುವುದು. ಅದರೊಳಗೇ ಯಾವ ಆ್ಯಪ್‌ಗೆ ವಿನಾಯಿತಿ ಅಂತ ಪಟ್ಟಿ ಇದೆ, ಮ್ಯೂಸಿಕ್ ಆ್ಯಪ್ ಸೇರಿಸಿ.

ನಾದಲೋಲ
ಬ್ಲೂಟೂತ್ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನನ್ನ ಹೆಡ್‌ಫೋನ್ ಎಲ್‌ಡಿಎಸಿ ಇರುವಂಥದ್ದು, ಬ್ಲೂಟೂತ್‌ನಲ್ಲಿ ಹಾಡನ್ನು ಹೆಚ್ಚು ಗುಣಮಟ್ಟದಲ್ಲಿ ಕಳಿಸುವ ವಿಧಾನ ಅದು. ಮನೆಯಲ್ಲಿ ಅದ್ಭುತ. ಫೋನ್ ಜೇಬಿಗೆ ಹಾಕಿ ಜನ ಜಾಸ್ತಿ ಇರುವ ಕಡೆ ಹೋದರೆ ಹಾಡು ಚೂರುಚೂರಾಗಿ ಬರುತ್ತದೆ. ಡೌನ್‌ಲೋಡ್ ಮಾಡಿದ ಹಾಡಿಗೂ ಹೀಗೇ. ಗೆರೆ ನಿಲ್ಲದೆ ಓಡುತ್ತಿರುತ್ತದೆ.

ಹಳೇರೇಡಿಯೋ
ಗೆರೆ ಓಡುತ್ತಿದೆ, ಡೌನ್‌ಲೋಡ್ ಹಾಡಿಗೂ ಹೀಗೇ ಅಂದಿರಿ. ಅಲ್ಲಿಗೆ ನೆಟ್ಟೂ ಆ್ಯಪೂ ಎರಡೂ ತಪ್ಪಿಸಿಕೊಂಡವು. ಉಳಿದದ್ದು ಫೋನಿಗೂ ಕಿವಿಗೂ ನಡುವಿನ ಗಾಳಿ.

ಅರ್ಧಚಂದ್ರ
ಬ್ಲೂಟೂತ್ ಓಡಾಡುವುದು ರೇಡಿಯೋ ಅಲೆಗಳ 2.4 ಗಿಗಾಹರ್ಟ್ಸ್ ಜಾಗದಲ್ಲಿ. ಹಳೆ ವೈಫೈ ಬ್ಯಾಂಡ್ ಅಲ್ಲೇ, ಮೈಕ್ರೋವೇವ್ ಓವನ್ ಸೂಸುವುದೂ ಅಲ್ಲೇ. ಜನರ ಗುಂಪಿನಲ್ಲಿ ಎಲ್ಲರ ಫೋನ್, ಎಲ್ಲರ ಇಯರ್‌ಬಡ್ಸ್ ಅದೇ ಜಾಗಕ್ಕೆ ನುಗ್ಗುತ್ತವೆ. ಬ್ಲೂಟೂತ್ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದೆ. ಆ ಜಾಗವನ್ನು 79 ಚಿಕ್ಕ ಚಾನೆಲ್‌ಗಳಾಗಿ ಹಂಚಿಕೊಂಡು, ಸೆಕೆಂಡಿಗೆ ನೂರಾರು ಸಲ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಗಲಾಟೆ ಇರುವ ಚಾನೆಲ್ ಬಿಟ್ಟು ಹಾರುವುದೂ ಅದಕ್ಕೆ ಗೊತ್ತು. ಎಲ್ಲಾ ಕಡೆ ಗಲಾಟೆ ಇದ್ದರೆ ಮಾತ್ರ ಏನೂ ಮಾಡಲಾಗದು.

ಇನ್ನೊಂದು ಅಡ್ಡಿ ನಮ್ಮ ದೇಹವೇ. ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರುತ್ತದೆ. ಹಿಂದಿನ ಜೇಬಿನಲ್ಲಿ ಫೋನ್ ಇಟ್ಟರೆ ಸಿಗ್ನಲ್ ಇಡೀ ಮೈಯನ್ನು ಬಳಸಿಕೊಂಡು ಬರಬೇಕು. ಮೇಲಿನ ಜೇಬಿಗೆ ಹಾಕಿದರೇ ಎಷ್ಟೋ ಸಲ ಸರಿಹೋಗುತ್ತದೆ.

ಎಲ್‌ಡಿಎಸಿ ಮೂರು ಮಟ್ಟದಲ್ಲಿ ನಡೆಯುತ್ತದೆ: 990, 660, 330 ಕೆಬಿಪಿಎಸ್. ನೀವು 990ಕ್ಕೆ ಕಟ್ಟಿಹಾಕಿದ್ದೀರಾ? ಹಾಗಿದ್ದರೆ ಗಲಾಟೆ ಜಾಗದಲ್ಲಿ ಅದು ಸಾಗುವುದಿಲ್ಲ. ಡೆವಲಪರ್ ಆಪ್ಷನ್ಸ್ ಅನ್ನುವ, ಸೆಟ್ಟಿಂಗ್ಸ್‌ನಲ್ಲಿ ಅಡಗಿರುವ ಪುಟದಲ್ಲಿ ಬದಲಾಯಿಸಬಹುದು. 'ಅಬೌಟ್ ಫೋನ್' ಒಳಗೆ 'ಬಿಲ್ಡ್ ನಂಬರ್' ಮೇಲೆ 7 ಸಲ ಒತ್ತಿದರೆ ಆ ಪುಟ ತೆರೆದುಕೊಳ್ಳುತ್ತದೆ. ಬೇರೆ ಏನನ್ನೂ ಅಲ್ಲಿ ಮುಟ್ಟಬೇಡಿ. ಎಲ್‌ಡಿಎಸಿ ಗುಣಮಟ್ಟವನ್ನು 'ಅಡಾಪ್ಟಿವ್' ಅಥವಾ 'ಬೆಸ್ಟ್ ಎಫರ್ಟ್' ಅನ್ನುವ ಕಡೆ ಇಡಿ. ಅದೂ ಸಾಲದಿದ್ದರೆ ಹೊರಗೆ ಹೋಗುವಾಗ ಕಡಿಮೆ ಡೇಟಾ ಕಳಿಸುವ ವಿಧಾನಗಳಾದ ಎಎಸಿ ಅಥವಾ ಎಸ್‌ಬಿಸಿಗೆ ಇಳಿಸಿ.

ನಾದಲೋಲ
ಎಸ್‌ಬಿಸಿನಾ? ಅಷ್ಟು ಕೊಟ್ಟು ತಗೊಂಡ ಹೆಡ್‌ಫೋನ್‌ಗೆ?

ಅರ್ಧಚಂದ್ರ
ಗದ್ದಲದ ನಡುವೆ ನಡೆಯುತ್ತಾ ಕೇಳುವಾಗ ವ್ಯತ್ಯಾಸ ಗುರುತಿಸುವುದು ಕಷ್ಟ. ಜೊತೆಗೆ ಆ್ಯಪ್‌ನಿಂದ ಬರುತ್ತಿರುವುದೇ 160 ಕೆಬಿಪಿಎಸ್ ಆಗಿದ್ದರೆ 990ರ ದಾರಿ ಹಾಕಿ ಹೆಚ್ಚೇನೂ ಸಿಗುವುದಿಲ್ಲ. ಸಿಡಿ ಗುಣಮಟ್ಟ ಅಂದರೇ ಕುಗ್ಗಿಸದೆ 1,411 ಕೆಬಿಪಿಎಸ್, ಎಲ್‌ಡಿಎಸಿ ಕೂಡ ಅದನ್ನು ಕುಗ್ಗಿಸಿಯೇ ಕಳಿಸಬೇಕು. ಮನೆಯಲ್ಲಿ ಕೂತು ಕೇಳುವಾಗ 990 ಹಾಕಿಕೊಳ್ಳಿ, ಯಾರು ಬೇಡ ಅಂದರು.

ನಾದಲೋಲ
ಇದರ ಬಗ್ಗೆ ಬೇರೆ ದಿನ ಜಗಳ ಆಡೋಣ. ಅಡಾಪ್ಟಿವ್‌ಗೆ ಇಟ್ಟಿದ್ದೇನೆ, ಫೋನನ್ನು ಮೇಲಿನ ಜೇಬಿಗೆ ಹಾಕಿದ್ದೇನೆ. ಇವತ್ತು ಚೂರಾಗಲಿಲ್ಲ.

ತಿಳಿಗೊಳ
ಐಫೋನಿನವರಿಗೂ ಏನಾದರೂ ಹೇಳಿ ಸರ್. ಹಾಡು ತಾನಾಗಿ ಪಾಸ್ ಆಗುತ್ತದೆ. 'ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್' ಆನ್ ಮಾಡಿ ಅಂತ ಒಬ್ಬರು ಹೇಳಿದರು, ಮಾಡಿದೆ, ಉಪಯೋಗ ಆಗಲಿಲ್ಲ.

ಅರ್ಧಚಂದ್ರ
ಅದಕ್ಕೂ ಹಾಡಿಗೂ ಸಂಬಂಧ ಇಲ್ಲ. ಹಿನ್ನೆಲೆಯಲ್ಲಿ ಆಡಿಯೋ ನುಡಿಸಲು ಐಒಎಸ್‌ನಲ್ಲಿ ಬೇರೆಯೇ ಅನುಮತಿ ಇದೆ, ಆ್ಯಪ್ ಬರೆಯುವಾಗಲೇ ಅದು ಸೇರಿರುತ್ತದೆ. ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸ ಇದ್ದರೆ ಬಿಡಿ, ಹಾಗೆ ಮಾಡಿದರೆ ಹಾಡು ನಿಲ್ಲುತ್ತದೆ. ಆದರೆ ನಿಮ್ಮದು ಪಾಸ್ ಆಗುವುದು ಅಂದಿರಿ. ಯಾವ ಹೆಡ್‌ಫೋನ್? ವೈರ್ ಇರುವುದಾ, ಇಲ್ಲದ್ದಾ? ಬೇರೆ ಯಾವ ಆ್ಯಪ್ ತೆರೆದಿರುತ್ತೀರಿ?

ತಿಳಿಗೊಳ
ವೈರ್ ಇಲ್ಲದ ಇಯರ್‌ಬಡ್ಸ್. ಆಫೀಸಿನಲ್ಲಿ ಕೂತಾಗಲೇ ಜಾಸ್ತಿ ಆಗುವುದು. ಆಗ ಫೋನ್ ಮುಟ್ಟಿರುವುದೂ ಇಲ್ಲ.

ಮಳೆಹನಿ
ನನಗೆ ವೈರ್ ಇರುವುದರಲ್ಲೇ ಹೀಗಾಗುತ್ತಿತ್ತು. ಜಿಮ್‌ನಲ್ಲಿ ಬೆವರು ಇಳಿದಾಗ ಹಾಡು ತಾನಾಗಿ ನಿಲ್ಲುವುದು, ಶುರುವಾಗುವುದು, ಒಮ್ಮೊಮ್ಮೆ ವಾಯ್ಸ್ ಅಸಿಸ್ಟೆಂಟ್ ಬೇರೆ ಎದ್ದು 'ಹೇಳಿ' ಅನ್ನುವುದು.

ಹಳೇರೇಡಿಯೋ
ಆ ವೈರಿನ ಬಟನ್ ಒತ್ತಿದಾಗ ಒಳಗೆ ಆಗುವುದು ಬಹಳ ಸರಳ. ಮೈಕ್‌ನ ತಂತಿ ಒಂದು ಕ್ಷಣ ಗ್ರೌಂಡ್ ಅನ್ನುವ ಇನ್ನೊಂದು ತಂತಿಗೆ ತಾಗುತ್ತದೆ, ಫೋನ್ ಅದನ್ನು ಬಟನ್ ಅಂತ ಓದುತ್ತದೆ. ಬೆವರು ಒಳಗೆ ಹೋದರೂ ಅದೇ ತಾಗುವಿಕೆ. ಜ್ಯಾಕಿನ ತೂತಿನಲ್ಲಿ ಬಟ್ಟೆಯ ನಾರು ಸೇರಿ ಪಿನ್ ಪೂರ್ತಿ ಕೂರದಿದ್ದರೂ ಇದೇ ಗೋಳು. ಒಣಗಿಸಿ, ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ನಾರು ತೆಗೆಯಿರಿ. ಸೂಜಿ, ಪಿನ್ ಹಾಕಬೇಡಿ.

ತಿಳಿಗೊಳ ಅವರೇ, ನಿಮ್ಮ ಇಯರ್‌ಬಡ್ಸ್ ಆಫೀಸಿನ ಲ್ಯಾಪ್‌ಟಾಪ್‌ಗೂ ಜೋಡಿಸಿದ್ದೀರಾ?

ತಿಳಿಗೊಳ
ಹೌದು, ಮೀಟಿಂಗ್‌ಗೆ ಬೇಕಲ್ಲ. ಎರಡಕ್ಕೂ ಒಟ್ಟಿಗೇ ಜೋಡಿಸಿಕೊಳ್ಳುತ್ತದೆ.

ಹಳೇರೇಡಿಯೋ
ಹಾಗಾದರೆ ನನ್ನ ಅನುಮಾನ ಅಲ್ಲೇ. ಅದನ್ನು ಮಲ್ಟಿಪಾಯಿಂಟ್ ಅನ್ನುತ್ತಾರೆ. ಇಯರ್‌ಬಡ್ಸ್ ಎರಡು ಕಡೆ ಜೋಡಿಸಿಕೊಂಡಿದ್ದರೂ ಹಾಡು ಬರುವುದು ಒಂದು ಕಡೆಯಿಂದಲೇ. ಲ್ಯಾಪ್‌ಟಾಪ್‌ನಲ್ಲಿ ಮೆಸೇಜಿನ 'ಟಿಂಗ್' ಬಂದರೂ ಸಾಕು, ಅದು ಆ ಕಡೆ ತಿರುಗುತ್ತದೆ, ಫೋನಿನ ಹಾಡು ಪಾಸ್ ಆಗುತ್ತದೆ. ಕೆಲವು ಮತ್ತೆ ಫೋನಿಗೆ ತಾನಾಗಿ ಮರಳುತ್ತವೆ, ಕೆಲವು ಮರಳುವುದಿಲ್ಲ. ಫೋನ್ ಒಳಗೇ ಬೇರೆ ಆ್ಯಪ್‌ನ ವಿಡಿಯೋ ತಾನಾಗಿ ಶುರುವಾದಾಗ ಹಾಡು ನಿಲ್ಲುವುದೂ ಹೆಚ್ಚುಕಡಿಮೆ ಇದೇ ಕಥೆ, ಶಬ್ದದ ಹಕ್ಕು ಕೈ ಬದಲಾಗುತ್ತದೆ.

ಒಂದು ದಿನ ಲ್ಯಾಪ್‌ಟಾಪ್‌ನ ಬ್ಲೂಟೂತ್ ಆಫ್ ಮಾಡಿ ಹಾಡು ಕೇಳಿ. ಆಗ ನಿಲ್ಲದಿದ್ದರೆ ಸಿಕ್ಕಂತೆಯೇ. ಆಗಲೂ ನಿಂತರೆ ಇಯರ್‌ಬಡ್ಸ್‌ನ ಆ್ಯಪ್‌ನಲ್ಲಿ ಕಿವಿಯಲ್ಲಿದೆಯಾ ಅಂತ ನೋಡುವ ಸೆನ್ಸರ್ ಆಫ್ ಮಾಡಿ. ಕಿವಿಯಲ್ಲಿ ಸಡಿಲ ಕೂತಿದ್ದರೆ, ಸೆನ್ಸರ್ ಮೇಲೆ ಕೊಳೆ ಕೂತಿದ್ದರೆ, ನೀವು ತೆಗೆದಿರಿ ಅಂದುಕೊಂಡು ಅದೇ ಪಾಸ್ ಮಾಡುತ್ತದೆ.

ತಿಳಿಗೊಳ
ಲ್ಯಾಪ್‌ಟಾಪೇ ಸರ್! ಮೇಲ್ ಬಂದಾಗೆಲ್ಲ ನಿಲ್ಲುತ್ತದೆ, ಈಗ ಗಮನಿಸಿದೆ. ಆದರೆ ಮೀಟಿಂಗ್‌ಗೆ ಎರಡೂ ಬೇಕು. ಪ್ರತಿ ಸಲ ಬ್ಲೂಟೂತ್ ಆಫ್ ಮಾಡುತ್ತಾ ಕೂರಲಾಗುವುದಿಲ್ಲ.

ಅರ್ಧಚಂದ್ರ
ಮಲ್ಟಿಪಾಯಿಂಟ್ ಹಾಗೇ ಇರಲಿ. ಲ್ಯಾಪ್‌ಟಾಪ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಶಬ್ದ ಹೊರಬರುವ ಜಾಗವನ್ನು ಅದರದೇ ಸ್ಪೀಕರ್‌ಗೆ ಇಡಿ. ಮೀಟಿಂಗ್ ಆ್ಯಪ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಮಾತ್ರ ಇಯರ್‌ಬಡ್ಸ್ ಆರಿಸಿ. ಮೇಲ್ ಬಂದರೆ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಟಿಂಗ್ ಅನ್ನುತ್ತದೆ. ಅದನ್ನು ಮ್ಯೂಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಪಕ್ಕದವರು ಬಂದು ಕೇಳುತ್ತಾರೆ.